ನಾನೂರು ರೂಪಾಯಿ ಬೆಸುಗೆ, ಮೂರು ಲಕ್ಷದ ಎಸ್ಟಿಮೇಟು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಹಳೇ ಕಾರುಗಳ ಬಗ್ಗೆ ಬರೆದಿದ್ದರು. ಇಪ್ಪತ್ತು ವರ್ಷ ದಾಟಿದ ಗಾಡಿ ಇಟ್ಟುಕೊಳ್ಳುವುದೇ ಶೋಕಿ, ಸುಮ್ನೆ ಗುಜರಿಗೆ ಹಾಕಬೇಕು, ಅದರಲ್ಲೂ ಸ್ಪೋರ್ಟ್ಸ್ ಕಾರು ಅಂದರೆ ಬರೀ ದುಡ್ಡಿನ ಮದ ಅಂತ. ಓದಿ ನಗು ಬಂತು. ಅಂಥದ್ದೊಂದು ಕಾರು ನನ್ನ ಹತ್ತಿರ ಇದೆ, ದುಡ್ಡು ಮಾತ್ರ ಇಲ್ಲ. ನಾನು ಬ್ಯಾಂಕಿನಿಂದ ನಿವೃತ್ತನಾದವನು, ಮೈಸೂರಿನಲ್ಲಿ ಪಿಂಚಣಿ ಮೇಲೆ ಇರುವವನು. ಕಾರು ನಮ್ಮ ಭಾವನದು. 2002ರಲ್ಲಿ ಅವರು ಇಂಗ್ಲೆಂಡ್ ಬಿಟ್ಟು ಬರುವಾಗ ಮನೆ ಸಾಮಾನಿನ ಜೊತೆ ಇದನ್ನೂ ಸುಂಕ ಕಟ್ಟಿ ತಂದಿದ್ದರು. ಆಮೇಲೆ ಅವರಿಗೆ ಮಂಡಿನೋವು ಶುರುವಾಯಿತು. ಇದರಲ್ಲಿ ಕೂರುವುದು ಅಂದರೆ ಚಾಪೆ ಮೇಲೆ ಕೂತ ಹಾಗೆ, ಏಳಲು ಯಾರಾದರೂ ಕೈ ಹಿಡಿಯಬೇಕು. ‘ನೀನೇ ಇಟ್ಕೊ ಮಾರಾಯ’ ಎಂದು ಕೀ ಕೊಟ್ಟರು.

ಜರ್ಮನಿಯ ಗಾಡಿ. ಎರಡೇ ಸೀಟು. ಒಂದು ಗುಂಡಿ ಒತ್ತಿದರೆ ತಗಡಿನ ಚಾವಣಿ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಮಲಗುತ್ತದೆ, ಬೀದಿಯ ಮಕ್ಕಳೆಲ್ಲ ಅದನ್ನು ನೋಡಲಿಕ್ಕೇ ಬರುತ್ತಾರೆ. ಕಂಪನಿಯ ಹೆಸರು ಬರೆಯುವುದಿಲ್ಲ, ಯಾರ ಮೇಲೋ ಕೆಸರು ಎರಚುವುದು ಈ ಪತ್ರದ ಉದ್ದೇಶ ಅಲ್ಲ.

ಕಾಯಿಲೆ ಶುರುವಾಗಿದ್ದು ಹೋದ ಬೇಸಿಗೆಯಲ್ಲಿ. ಬೆಂಗಳೂರಿಗೆ ಹೊರಟಿದ್ದೆ, ಹಳೇ ರಸ್ತೆಯಲ್ಲೇ. ಮಂಡ್ಯದವರೆಗೆ ಏನೂ ಇಲ್ಲ. ಮದ್ದೂರಿನ ಹತ್ತಿರ ಯಾರೋ ಕೀ ತಿರುಗಿಸಿದ ಹಾಗೆ ಇಂಜಿನ್ ನಿಂತುಹೋಯಿತು. ಹೊಗೆ ಇಲ್ಲ, ಸದ್ದಿಲ್ಲ, ಮೀಟರಿನಲ್ಲಿ ಬಿಸಿ ಏರಿಲ್ಲ. ಸ್ಟಾರ್ಟರ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಇನ್ನೇನು ಮಾಡೋದು ಅಂತ ನಡೆದುಕೊಂಡು ಹೋಗಿ ವಡೆ ತಿಂದು ಕಾಫಿ ಕುಡಿದು ಅರ್ಧ ಗಂಟೆ ಬಿಟ್ಟು ಬಂದು ಕೀ ತಿರುಗಿಸಿದರೆ, ಒಂದೇ ಏಟಿಗೆ ಸ್ಟಾರ್ಟ್. ಹೀಗೆ ಮೂರು ಸಲ ಆಯಿತು. ಮೂರನೇ ಸಲ ಹೋಟೆಲಿನವರು ನನ್ನ ಮುಖ ನೋಡಿದ ಕೂಡಲೇ ‘ಗಾಡಿ ನಿಂತೋಯ್ತಾ ಸಾರ್’ ಎಂದು ಕೇಳಿ ವಡೆ ತರಲು ಹೇಳಿದರು.

ಮೊದಲು ಡೀಲರ್ ಹತ್ತಿರವೇ ಹೋದೆ. ಕಂಪನಿ ಗಾಡಿ ಕಂಪನಿಯವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ ಅಲ್ವಾ? ಬೆಂಗಳೂರಿನ ಅವರ ವರ್ಕ್‌ಶಾಪಿಗೆ ಫ್ಲ್ಯಾಟ್‌ಬೆಡ್ ಲಾರಿಯಲ್ಲಿ ಹಾಕಿಸಿ ಕಳಿಸಿದೆ. ಗಾಡಿ ಎಷ್ಟು ತಗ್ಗು ಅಂದರೆ ಲಾರಿಗೆ ಹತ್ತಿಸುವಾಗ ಮುಂದಿನ ಬಂಪರ್ ಉಜ್ಜಬಾರದು ಅಂತ ಚಕ್ರದ ಕೆಳಗೆ ಎರಡು ಹಲಗೆ ಇಡಬೇಕಾಯಿತು. ಅಲ್ಲಿ ಹೋಗಿ ನೋಡಿದರೆ ವರ್ಕ್‌ಶಾಪ್ ಆಸ್ಪತ್ರೆಗಿಂತ ಚೊಕ್ಕ. ನೆಲದ ಮೇಲೆ ಒಂದು ತೊಟ್ಟು ಆಯಿಲ್ ಇಲ್ಲ. ಕಾಫಿ ಕೊಟ್ಟರು, ಬಿಸ್ಕತ್ತು ಕೊಟ್ಟರು, ಜಾಬ್ ಕಾರ್ಡ್ ಮಾಡಿದರು. ಸರ್ವಿಸ್ ಅಡ್ವೈಸರ್ ಹುಡುಗ ಬಹಳ ಮರ್ಯಾದಸ್ಥ, ಆದರೆ ಈ ಕಾರು ಊರಿಗೆ ಬಂದಾಗ ಅವನು ಒಂದನೇ ಕ್ಲಾಸಿನಲ್ಲಿದ್ದಿರಬೇಕು. ‘ಈ ಮಾಡೆಲ್ ಫೋಟೋದಲ್ಲಿ ಮಾತ್ರ ನೋಡಿದ್ದೆ ಸರ್’ ಎಂದು ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದುಕೊಂಡ.

ಹನ್ನೆರಡು ದಿನ ಇಟ್ಟುಕೊಂಡರು. ಶೆಡ್ಡಿನಲ್ಲಿ ನಿಂತ ಗಾಡಿ ನಿಲ್ಲುವುದು ಹೇಗೆ ಹೇಳಿ? ಅದನ್ನು ಬಿಸಿಲಿನಲ್ಲಿ ಐವತ್ತು ಕಿಲೋಮೀಟರ್ ಓಡಿಸಿದರೆ ತಾನೇ ನಿಲ್ಲುವುದು. ಅದನ್ನೇ ಎರಡು ಸಲ ಫೋನಿನಲ್ಲಿ ಹೇಳಿದೆ, ಬರೆದುಕೊಂಡರು. ಕೊನೆಗೆ ಲ್ಯಾಪ್‌ಟಾಪ್ ಚುಚ್ಚಿ ಸ್ಕ್ಯಾನ್ ಮಾಡಿ, ಇಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಕೆಟ್ಟಿದೆ ಎಂದರು. ಹೊಸದಕ್ಕೆ, ಪ್ರೋಗ್ರಾಮಿಂಗ್ ಮತ್ತು ತೆರಿಗೆ ಸೇರಿ 3,12,000 ರೂಪಾಯಿ. ಜರ್ಮನಿಯಿಂದ ಬರಲು ಎಂಟರಿಂದ ಹತ್ತು ವಾರ. ಪೂರ್ತಿ ದುಡ್ಡು ಮುಂಗಡ ಕೊಡಬೇಕು, ಒಮ್ಮೆ ತರಿಸಿದರೆ ವಾಪಸ್ ಇಲ್ಲ.

‘ಇದನ್ನು ಹಾಕಿದರೆ ಸರಿಹೋಗುತ್ತಾ?’ ಎಂದು ಕೇಳಿದೆ.

‘ಹಾಕಿ ನೋಡಬೇಕು ಸರ್.’

ಮೂರು ಲಕ್ಷ ಕೊಟ್ಟು ಹಾಕಿ ನೋಡಬೇಕಂತೆ! ಪರೀಕ್ಷೆಯ ಫೀಸು 11,800 ಕಟ್ಟಿ ಗಾಡಿ ಬಿಡಿಸಿಕೊಂಡು ಬಂದೆ.

ಅಷ್ಟಾದರೂ ಅವರನ್ನು ಮೋಸಗಾರರು ಎಂದು ನಾನು ಹೇಳುವುದಿಲ್ಲ. ಅಲ್ಲಿನ ಪದ್ಧತಿಯೇ ಹಾಗೆ. ಸ್ಕ್ಯಾನರ್ ಯಾವ ಜಾಗದಲ್ಲಿ ಮಾತು ನಿಂತಿದೆ ಅಂತ ಹೇಳುತ್ತದೆ, ಯಾಕೆ ನಿಂತಿತು ಅಂತ ಹೇಳುವುದಿಲ್ಲ. ಯಾಕೆ ಅಂತ ಹುಡುಕಲು ಯಾರಾದರೂ ವೈರು ಹಿಡಿದು, ಕಿವಿಕೊಟ್ಟು, ಬೆವರು ಸುರಿಸಿ ಕೂರಬೇಕು. ಅಷ್ಟು ಗಂಟೆಯ ಕೂಲಿಯನ್ನು ಯಾವ ಗಿರಾಕಿ ತಲೆಗೆ ಕಟ್ಟುವುದು? ವಾರಂಟಿ ಇರುವ ಹೊಸ ಗಾಡಿಗೆ ಇದು ಸರಿ, ಡಬ್ಬಿ ತೆಗೆದು ಹೊಸ ಡಬ್ಬಿ ಹಾಕಿದರೆ ಕಂಪನಿ ದುಡ್ಡು ಕೊಡುತ್ತದೆ. ಡಬ್ಬಿಯ ಒಳಗೆ ಕೈ ಹಾಕಿದವನಿಗೆ ಯಾರೂ ಕೊಡುವುದಿಲ್ಲ. ಹಾಗಾಗಿ ಅಲ್ಲಿ ಒಳಗೆ ಕೈ ಹಾಕುವವರೇ ಉಳಿದಿಲ್ಲ. ಹಳೇ ಗಾಡಿಗೂ ಅದೇ ಮದ್ದು ಕೊಡುತ್ತಾರೆ.

ಆಮೇಲೆ ಸಿಕ್ಕಿದ್ದು ವಿಲ್ಸನ್ ಗಾರ್ಡನ್ ಕಡೆಯ ಒಂದು ಸಣ್ಣ ಗ್ಯಾರೇಜು. ಹಳೇ ಜರ್ಮನ್ ಗಾಡಿಗಳನ್ನೇ ನೋಡುವವರು. ಅಲ್ಲಿನ ಯಜಮಾನರು ಲ್ಯಾಪ್‌ಟಾಪ್ ತೆಗೆಯುವ ಮೊದಲು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕೇಳಿದರು: ‘ಬಿಸಿ ಆದ್ಮೇಲೆ ಮಾತ್ರ ನಿಲ್ಲುತ್ತಾ ಸಾರ್, ತಣ್ಣಗಿದ್ದಾಗ್ಲೂ ನಿಲ್ಲುತ್ತಾ? ನಿಂತ್ಮೇಲೆ ಕ್ರ್ಯಾಂಕ್ ಮಾಡಿದ್ರೆ, ಅಂದ್ರೆ ಕೀ ತಿರುಗ್ಸಿ ಸ್ಟಾರ್ಟರ್ ಓಡ್ಸಿದ್ರೆ, ಇಂಜಿನ್ ಸುತ್ತು ತೋರ್ಸೋ ಆರ್‌ಪಿಎಂ ಮುಳ್ಳು ಸ್ವಲ್ಪನಾದ್ರೂ ಅಲ್ಲಾಡುತ್ತಾ? ಕೀ ಹಾಕ್ದಾಗ ಹಿಂದೆ ಟ್ಯಾಂಕ್ ಹತ್ರ ಗುಯ್ ಅಂತ ಸದ್ದು ಬರುತ್ತಾ?’ ಡೀಲರ್ ಹತ್ತಿರ ಹನ್ನೆರಡು ದಿನದಲ್ಲಿ ಈ ಮೂರರಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ.

ಮಾರನೇ ದಿನ ಮಧ್ಯಾಹ್ನ ನಾವಿಬ್ಬರೂ ಕನಕಪುರ ರಸ್ತೆಯಲ್ಲಿ ಓಡಿಸಿಕೊಂಡು ಹೋದೆವು, ಅದು ನಿಲ್ಲಲಿ ಅಂತಲೇ. ನಿಂತಿತು. ಕ್ರ್ಯಾಂಕ್ ಮಾಡಿದರೆ ಆರ್‌ಪಿಎಂ ಮುಳ್ಳು ಜಪ್ಪಯ್ಯ ಅನ್ನಲಿಲ್ಲ. ಅವರು ಬಾನೆಟ್ ಎತ್ತಿ, ಕುಡಿಯುವ ನೀರಿನ ಬಾಟಲಿಯಿಂದ ಇಂಜಿನ್ ಹಿಂಭಾಗದಲ್ಲಿ ಒಂದೇ ಜಾಗಕ್ಕೆ ನಿಧಾನವಾಗಿ ಅರ್ಧ ಬಾಟಲಿ ಸುರಿದರು. ಐದು ನಿಮಿಷದಲ್ಲಿ ಸ್ಟಾರ್ಟ್ ಆಯಿತು. ಅಲ್ಲಿರುವುದು ಕ್ರ್ಯಾಂಕ್ ಸೆನ್ಸರ್. ಇಂಜಿನ್ ಯಾವ ಸ್ಥಿತಿಯಲ್ಲಿದೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಅಂತ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಒಳಗಿನ ಕೂದಲೆಳೆಯಂಥ ತಂತಿ ಹಳೇದಾದರೆ ಬಿಸಿಗೆ ಸಂಪರ್ಕ ಬಿಡುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ಸುದ್ದಿ ಬಾರದಿದ್ದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಿಡಿಯನ್ನೂ ನಿಲ್ಲಿಸಿಬಿಡುತ್ತದೆ. ಮದ್ದೂರಿನಲ್ಲಿ ನಾನು ವಡೆ ತಿನ್ನುವಷ್ಟರಲ್ಲಿ ಆಗುತ್ತಿದ್ದುದು ಇಷ್ಟೇ. ಅದೇ ಸೆನ್ಸರ್ ಅದೇ ಕಂಪನಿಯ ಮಾಮೂಲಿ ಸೆಡಾನ್ ಕಾರಿಗೂ ಬರುತ್ತದಂತೆ, ಜೆ.ಸಿ. ರೋಡಿನಲ್ಲಿ 3,800ಕ್ಕೆ ಸಿಕ್ಕಿತು.

ಒಂದು ತಿಂಗಳು ಚೆನ್ನಾಗಿತ್ತು. ಮತ್ತೆ ನಿಂತಿತು. ನನಗೆ ಅಳುವೇ ಬಂತು. ಈ ಸಲ ಮುಳ್ಳು ಅಲ್ಲಾಡುತ್ತಿತ್ತು, ಆದರೆ ಹಿಂದೆ ಪೆಟ್ರೋಲ್ ಪಂಪಿನ ಗುಯ್ ಸದ್ದು ಇರಲಿಲ್ಲ. ಫೋನಿನಲ್ಲಿ ಹೇಳಿದರೆ ಯಜಮಾನರು ನಕ್ಕರು, ‘ಎರಡು ಕಾಯಿಲೆ ಸಾರ್, ಲಕ್ಷಣ ಒಂದೇ.’ ಈ ಸಲ ರಿಲೇಗಳು, ಅಂದರೆ ಕರೆಂಟ್ ಬಿಡುವ ನಿಲ್ಲಿಸುವ ಸ್ವಿಚ್ಚುಗಳಿರುವ ಒಂದು ಕಪ್ಪು ಡಬ್ಬಿಯನ್ನು ತೆಗೆದು ಮುಚ್ಚಳ ಬಿಚ್ಚಿ ಭೂತಗನ್ನಡಿ ಕೊಟ್ಟು ನನಗೂ ತೋರಿಸಿದರು. ಪಂಪಿಗೆ ಕರೆಂಟ್ ಹೋಗುವ ಪುಟ್ಟ ಲೋಹದ ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದ ಹಾಗೆ ಒಂದು ಬಿರುಕು. ಇಪ್ಪತ್ತು ವರ್ಷ ಕಾದು ಆರಿ, ಕಾದು ಆರಿ ಬಿಟ್ಟುಕೊಂಡಿದೆ. ಎಸ್‌ಪಿ ರೋಡಿನಲ್ಲಿ ಒಬ್ಬ ಹುಡುಗ ಹದಿನೈದು ನಿಮಿಷದಲ್ಲಿ ಎಲ್ಲ ಕಾಲುಗಳಿಗೂ ಹೊಸ ಬೆಸುಗೆ ಹಾಕಿಕೊಟ್ಟ. 400 ರೂಪಾಯಿ. ಅದಾಗಿ ಎಂಟು ತಿಂಗಳಾಯಿತು, ಗಾಡಿ ಎಲ್ಲೂ ನಿಂತಿಲ್ಲ. ಇಸಿಯು ಹಳೇದೇ ಇದೆ.

ಚಾವಣಿಯದೂ ಇದೇ ಕಥೆ. ಅದನ್ನು ಎತ್ತುವ ಹೈಡ್ರಾಲಿಕ್ ಸಿಲಿಂಡರಿನಿಂದ ಎಣ್ಣೆ ಸೋರಿ ಒಮ್ಮೆ ನನ್ನ ಬಿಳಿ ಅಂಗಿಯ ಮೇಲೆಲ್ಲ ಬಿದ್ದಿತ್ತು. ಕಂಪನಿಯ ಪಟ್ಟಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ಸೀಲು ಅಂತ ಬೇರೆ ಪಾರ್ಟೇ ಇಲ್ಲ, ಇಡೀ ಸಿಲಿಂಡರ್ ಕೊಳ್ಳಬೇಕು. ಗ್ಯಾರೇಜಿನವರು ಪೀಣ್ಯದಲ್ಲಿ ಜೆಸಿಬಿಗಳಿಗೆ ಸೀಲು ಮಾಡಿಕೊಡುವ ಅಂಗಡಿಗೆ ಅಳತೆ ಕೊಟ್ಟು ಮಾಡಿಸಿದರು. ಸೆನ್ಸರ್, ಬೆಸುಗೆ, ಸೀಲು ಎಲ್ಲಾ ಸೇರಿ, ಕೂಲಿಯೂ ಸೇರಿ, ನನಗೆ ಇಪ್ಪತ್ತೆರಡು ಸಾವಿರ ದಾಟಲಿಲ್ಲ.

ಹಾಗಂತ ಸಣ್ಣ ಗ್ಯಾರೇಜುಗಳೆಲ್ಲ ದೇವಸ್ಥಾನ ಅಂದುಕೊಳ್ಳಬೇಡಿ. ಇದಕ್ಕೂ ಮೊದಲು ನಮ್ಮ ಮೈಸೂರಿನಲ್ಲೇ ಒಬ್ಬರು ‘ಬಿಡಿ ಸಾರ್, ನಾನಿದೀನಿ’ ಎಂದು ಐದು ತಿಂಗಳು ಟಾರ್ಪಾಲಿನ ಕೆಳಗೆ ಮಲಗಿಸಿದ್ದರು. ಕೇಳಿದಾಗಲೆಲ್ಲ ಪಾರ್ಟು ದಾರಿಯಲ್ಲಿದೆ. ಚಾವಣಿಗೆ ಪವರ್ ಸ್ಟೀರಿಂಗಿನ ಎಣ್ಣೆ ಹಾಕಿ ಸೀಲುಗಳನ್ನು ಉಬ್ಬಿಸಿದ್ದು ಅವರೇ ಎಂಬುದು ನನ್ನ ಅನುಮಾನ, ಆದರೆ ಬಿಲ್ಲಿಲ್ಲ, ಬರಹ ಇಲ್ಲ, ಹೇಗೆ ಸಾಬೀತು ಮಾಡಲಿ? ವಿಲ್ಸನ್ ಗಾರ್ಡನ್ನಿನವರೂ ಬಿಲ್ ಕೊಡಲು ಮೂರು ಸಲ ಕೇಳಿಸಿಕೊಂಡರು. ಆದರೆ ತೆಗೆದ ಸೆನ್ಸರನ್ನು ಕೇಳದೆಯೇ ಕವರಿನಲ್ಲಿ ಹಾಕಿ ಸೀಟಿನ ಮೇಲಿಟ್ಟಿದ್ದರು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದು. ಆ ಯಜಮಾನರಿಗೆ ಕಂಪನಿಯ ರಿಪೇರಿ ಮ್ಯಾನ್ಯುಯಲ್ ಸಿಗುವುದಿಲ್ಲ. ಅವರ ಹತ್ತಿರ ಇರುವುದು ಯಾರೋ ಕೊಟ್ಟ ಹಳೇ ಸಿಡಿ. ವೈರಿಂಗ್ ನಕ್ಷೆ ನೋಡದೆ ಬರೀ ಅನುಭವದ ಮೇಲೆ ಆ ಡಬ್ಬಿಯನ್ನು ಹುಡುಕಿದರು. ನಮ್ಮ ದೇಶದಲ್ಲಿ ಇದರ ಮಾತು ಬಂದಿಲ್ಲ ಅಂತಲ್ಲ. 2011ರಲ್ಲಿ ಒಬ್ಬ ಗ್ರಾಹಕರು ಇದೇ ವಿಷಯಕ್ಕೆ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿದ್ದರು. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ಮ್ಯಾನ್ಯುಯಲ್, ಪರೀಕ್ಷೆಯ ಉಪಕರಣ ಎಲ್ಲವೂ ಹೊರಗಿನ ಗ್ಯಾರೇಜಿಗೂ ಸಿಗಬೇಕು ಎಂದಿತು. ಆಮೇಲೆ ಅದು ಮೇಲ್ಮನವಿ, ಕೋರ್ಟು ಅಂತ ಅಲೆಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’, ಅಂದರೆ ರಿಪೇರಿಯ ಹಕ್ಕು, ಎಂಬ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಒಳ್ಳೆಯದೇ. ಆದರೆ ಪೋರ್ಟಲ್ ಬೇರೆ, ಕಾನೂನು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲೇ ಜನ ವೋಟು ಹಾಕಿ ಈ ಹಕ್ಕನ್ನು ಕಾನೂನು ಮಾಡಿಸಿಕೊಂಡರು.

ಕಂಪನಿಗಳಿಗೆ ಹಳೇ ಗಾಡಿ ನೋಡಿಕೊಳ್ಳಲು ಬರುವುದಿಲ್ಲ ಅಂತಲೂ ಅಲ್ಲ. ಮಜ್ದಾದವರು ತಮ್ಮ ಮೊದಲ ತಲೆಮಾರಿನ ರೋಡ್‌ಸ್ಟರ್ ಕಾರಿಗೆ 2017ರಲ್ಲಿ ಜಪಾನಿನಲ್ಲಿ ರಿಪೇರಿ ಯೋಜನೆಯನ್ನೇ ಶುರು ಮಾಡಿದರು, ನಿಂತುಹೋದ ಬಿಡಿಭಾಗಗಳನ್ನು ಮತ್ತೆ ಮಾಡಿದರು. ಟೊಯೊಟಾದವರು ಹಳೇ ಸುಪ್ರಾ ಕಾರಿಗೆ 2020ರಿಂದ ಮಾಡುತ್ತಿದ್ದಾರೆ. ನಮಗೆ ಅಷ್ಟೆಲ್ಲ ಬೇಡ ಸ್ವಾಮಿ. ಹತ್ತು ವರ್ಷ ದಾಟಿದ ಮಾಡೆಲ್‌ಗಳ ಮ್ಯಾನ್ಯುಯಲ್ಲು, ವೈರಿಂಗ್ ನಕ್ಷೆ ಒಂದು ಬೆಲೆ ಇಟ್ಟು ಯಾವ ಗ್ಯಾರೇಜಿಗಾದರೂ ಮಾರಿ. ಡೀಲರ್ ಪರೀಕ್ಷೆಯ ಫೀಸು ತೆಗೆದುಕೊಂಡರೆ, ಏನು ಪರೀಕ್ಷೆ ಮಾಡಿದರು, ಏನು ಕಂಡಿತು ಅಂತ ಬರೆದುಕೊಡಲಿ. ನನಗೆ 11,800ಕ್ಕೆ ಸಿಕ್ಕಿದ್ದು ಒಂದೇ ಸಾಲು. ಗ್ಯಾರೇಜಿನವರೂ ಬಿಲ್ ಕೊಡುವುದನ್ನು ಕಲಿಯಲಿ. ನಾನಂತೂ ಆ ಒಂದು ಸಾಲಿನ ಬಗ್ಗೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ನಂಬರ್ ಬಂದಿದೆ, ಕಾಯುತ್ತಿದ್ದೇನೆ.

ಇನ್ನು ಗುಜರಿಗೆ ಹಾಕಿ ಎಂದು ಬರೆದ ಓದುಗರಿಗೆ ಒಂದು ಲೆಕ್ಕ. ಹದಿನೈದು ವರ್ಷ ದಾಟಿದ ಆಮದು ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 40,000 ಆಯಿತು, ಅದನ್ನು ಕಟ್ಟಿದ್ದೇನೆ. ಇಪ್ಪತ್ತು ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 80,000. ನನ್ನ ಸರದಿ 2027ರಲ್ಲಿ ಬರುತ್ತದೆ. ಅಂದರೆ ಗಾಡಿಯ ಎಲ್ಲಾ ಕಾಯಿಲೆ ವಾಸಿ ಮಾಡಲು ಆದದ್ದಕ್ಕಿಂತ ಮೂರು ಪಟ್ಟು ಜಾಸ್ತಿ, ಬರೀ ಕಾಗದಕ್ಕೆ. ಹೊಗೆ ತಪಾಸಣೆ, ಫಿಟ್‌ನೆಸ್ ಎಲ್ಲದರಲ್ಲೂ ಪಾಸಾಗುವ, ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುವ ಗಾಡಿಗೆ. ಕಟ್ಟುತ್ತೇನೆ, ಈಗಿನಿಂದಲೇ ಆರ್‌ಡಿ ಮಾಡಿಸಿದ್ದೇನೆ, ಬ್ಯಾಂಕಿನವನು ನೋಡಿ.

ಚಾವಣಿ ಮಾತ್ರ ಇನ್ನೂ ಎಡಕ್ಕೆ ಸ್ವಲ್ಪ ವಾಲಿ ಮುಚ್ಚುತ್ತದೆ. ಮಳೆ ಶುರುವಾಗುವ ಮೊದಲು ಇನ್ನೊಂದು ಸಿಲಿಂಡರಿಗೂ ಸೀಲು ಹಾಕಿಸಬೇಕು, ಬರುವ ಸೋಮವಾರ ಪೀಣ್ಯಕ್ಕೆ ಹೋಗುತ್ತಿದ್ದೇನೆ. ಹಳೇ ರಸ್ತೆಯಲ್ಲೇ. ವಡೆಗಾಗಿ.

ಇಂತಿ,
ನಿಮ್ಮ ಹಳೇ ಓದುಗ, ಮೈಸೂರು