ಲಿಥಿಯಂ ಜೊತೆ ನೀರಿನ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಅರ್ಜೆಂಟೀನಾದ ಕಾಟಮಾರ್ಕಾ ಪ್ರಾಂತ್ಯದಲ್ಲಿ ಐದು ಲಿಥಿಯಂ ಬ್ಲಾಕ್‌ಗಳಿಗಾಗಿ ಕೇಂದ್ರ ಸರ್ಕಾರದ ‘ಕಾಬಿಲ್’ (ಹೊರದೇಶಗಳಲ್ಲಿ ಖನಿಜ ಹುಡುಕುವ) ಸಂಸ್ಥೆ 2024ರ ಜನವರಿಯಲ್ಲಿ ಹುಡುಕಾಟದ ಒಪ್ಪಂದ ಮಾಡಿಕೊಂಡಿತು. ಒಟ್ಟು 15,703 ಹೆಕ್ಟೇರ್ ಜಾಗ. ಬ್ಯಾಟರಿಯ ಲಿಥಿಯಂಗೆ ನಾವು ಹೊರದೇಶಗಳನ್ನೇ ನಂಬಿಕೊಂಡಿದ್ದೇವೆ. ಹಾಗಾಗಿ ಇದು ಬೇಕಾಗಿದ್ದ ಕೆಲಸವೇ. ಆದರೆ ಅಲ್ಲಿ ಲಿಥಿಯಂ ಸಿಕ್ಕರೆ ಅದನ್ನು ಯಾವ ರೀತಿ ತೆಗೆಯುತ್ತಾರೆ? ಹುಡುಕಾಟ ನಡೆಯುತ್ತಿರುವಾಗಲೇ ಇದನ್ನು ಕೇಳಬೇಕು.

ಅಲ್ಲಿನ ಲಿಥಿಯಂ ಇರುವುದು ನೆಲದಡಿಯ ಗಾಢ ಉಪ್ಪುನೀರಿನಲ್ಲಿ. ಹಳೆಯ ಕ್ರಮದಲ್ಲಿ ಆ ನೀರನ್ನು ಮೇಲೆತ್ತಿ ದೊಡ್ಡ ದೊಡ್ಡ ಕೊಳಗಳಲ್ಲಿ ಬಿಸಿಲಿಗೆ ಬಿಡುತ್ತಾರೆ. ಆರಲು ಒಂದು, ಒಂದೂವರೆ ವರ್ಷ ಬೇಕು. ಸುಮಾರು ಅರ್ಧ ಲಿಥಿಯಂ ಕೈಗೇ ಸಿಗುವುದಿಲ್ಲ. ನೀರೆಲ್ಲ ಆವಿಯಾಗಿ ಹೋಗುತ್ತದೆ, ಅದೂ ಮಳೆಯೇ ಅಪರೂಪವಾದ ಎತ್ತರದ ಮರುಭೂಮಿಯಲ್ಲಿ.

ಹೊಸ ಕ್ರಮ ಬೇರೆ. ಲಿಥಿಯಂ ಅನ್ನು ಮಾತ್ರ ಹಿಡಿದಿಟ್ಟುಕೊಳ್ಳುವ ಹರಳುಗಳ ಮೂಲಕ ಉಪ್ಪುನೀರನ್ನು ಹಾಯಿಸುತ್ತಾರೆ. ಉಳಿದ ನೀರನ್ನು ಮತ್ತೆ ನೆಲದೊಳಕ್ಕೆ ಬಿಡಬಹುದು. ವರ್ಷದ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಪಕ್ಕದ ಸಾಲ್ಟಾ ಪ್ರಾಂತ್ಯದಲ್ಲಿ 2024ರಲ್ಲಿ ಇಂಥ ಘಟಕ ತೆರೆದ ಫ್ರಾನ್ಸಿನ ಎರಾಮೆ ಕಂಪನಿ, ಸುಮಾರು 90 ಶೇಕಡ ಲಿಥಿಯಂ ಸಿಗುತ್ತದೆ ಎನ್ನುತ್ತದೆ.

ಹಾಗಂತ ಹೊಸದು ಅಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಹರಳುಗಳಿಗೆ ಅಂಟಿದ ಲಿಥಿಯಂ ಅನ್ನು ತೊಳೆದು ಬಿಡಿಸಲು ಸಿಹಿನೀರೇ ಬೇಕು. ಕಾಟಮಾರ್ಕಾದಲ್ಲೇ ಇರುವ ಓಂಬ್ರೆ ಮುವೆರ್ತೊ ಎಂಬ ಉಪ್ಪುಬಯಲಿನಲ್ಲಿ 1990ರ ದಶಕದ ಕೊನೆಯಿಂದಲೇ ಇಂಥ ಹರಳಿನ ಕ್ರಮ ಬಳಕೆಯಲ್ಲಿದೆ. ಅದಕ್ಕಾಗಿ ಟ್ರಾಪಿಚೆ ಹೊಳೆಯ ಕಡೆಯಿಂದ ನೀರೆತ್ತಿದರು. ಅಲ್ಲಿನ ಹುಲ್ಲುಗಾವಲು ಒಣಗಿತು. ಜನ ನ್ಯಾಯಾಲಯಕ್ಕೆ ಹೋದರು. ಎಲ್ಲ ಯೋಜನೆಗಳೂ ಸೇರಿ ನೀರಿನ ಮೇಲೆ ಏನು ಪರಿಣಾಮ ಎಂದು ಒಟ್ಟಾಗಿ ಅಧ್ಯಯನ ಆಗುವವರೆಗೆ ಆ ಪ್ರದೇಶದಲ್ಲಿ ಹೊಸ ಅನುಮತಿ ಕೊಡಬಾರದು ಎಂದು ಪ್ರಾಂತ್ಯದ ಅತ್ಯುನ್ನತ ನ್ಯಾಯಾಲಯ 2024ರ ಮಾರ್ಚ್‌ನಲ್ಲಿ ಹೇಳಿತು. ನಾವು ಒಪ್ಪಂದ ಮಾಡಿಕೊಂಡು ಆಗಿನ್ನೂ ಎರಡು ತಿಂಗಳಾಗಿತ್ತು.

ಕಾಸರಗೋಡಿನ ಮೂಲೆಯಲ್ಲಿ ಕೂತವರಿಗೆ ಇದೆಲ್ಲ ಯಾಕೆ ಅನ್ನಬೇಡಿ. ನಮ್ಮ ಎಣ್ಮಕಜೆ, ಬಾಯಾರು ಕಡೆ ಗುಡ್ಡ ಕೊರೆದು ಸುರಂಗ ಮಾಡಿ, ಒಸರುವ ನೀರಲ್ಲೇ ತೋಟ ಬೆಳೆಸಿದವರಿದ್ದಾರೆ. ಇದೇ ಗುಡ್ಡಗಳ ಗೇರುತೋಟಕ್ಕೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೀಟಕ್ಕೆ ಇದೇ ಒಳ್ಳೆಯ ಮದ್ದು ಅಂದವರು ಊರಿನವರನ್ನು ಕೇಳಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದದ್ದು 2017ರಲ್ಲಿ. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ಹಾಸಿಗೆಯಲ್ಲೇ ದೊಡ್ಡವರಾದರು! ನಮ್ಮ ರಿಕ್ಷಾ, ಸ್ಕೂಟರ್ ಹೊಗೆಯಿಲ್ಲದೆ ಓಡಲಿ ಅಂತ ಬೇರೆ ಯಾರದೋ ಊರಿನ ಹೊಳೆ ಬತ್ತುವುದನ್ನು ನಾವು ಒಪ್ಪಬಾರದು, ಅಲ್ವಾ?

ಕಾಬಿಲ್ ಈಗಲೇ ಕೆಲವು ವಿಷಯ ಬಹಿರಂಗಪಡಿಸಲಿ. ಕೊಳದ ಕ್ರಮವೋ, ಹರಳಿನ ಕ್ರಮವೋ? ಒಂದು ಟನ್ ಲಿಥಿಯಂಗೆ ಎಷ್ಟು ಸಿಹಿನೀರು, ಯಾವ ಮೂಲದಿಂದ? ತೊಳೆದ ನೀರನ್ನು ಸೋಸಿ ಮತ್ತೆ ಬಳಸುತ್ತಾರಾ? ಉಪ್ಪುನೀರನ್ನು ಎಲ್ಲಿ ವಾಪಸ್ ಬಿಡುತ್ತಾರೆ? ತಪ್ಪು ಜಾಗದಲ್ಲಿ ಬಿಟ್ಟರೆ ಒಳಗಿರುವ ಉಪ್ಪುನೀರೇ ತೆಳುವಾಗಿ ಮುಂದಿನ ಇಳುವರಿ ಕೆಡುತ್ತದೆ. ಉಪ್ಪು ಮತ್ತು ನೀರು ಸೋಸುವ ಪೊರೆಗಳ ಬಗ್ಗೆ ದಶಕಗಳಿಂದ ಕೆಲಸ ಮಾಡಿದ ಕೇಂದ್ರ ಸಂಶೋಧನಾ ಸಂಸ್ಥೆ ಗುಜರಾತಿನ ಭಾವನಗರದಲ್ಲಿದೆ. ಕಡಿಮೆ ಸಿಹಿನೀರಲ್ಲಿ ಲಿಥಿಯಂ ಬಿಡಿಸುವ ಕೆಲಸಕ್ಕೆ ಅಲ್ಲಿನ ವಿಜ್ಞಾನಿಗಳಿಗೆ ಜಾಸ್ತಿ ಹಣ ಕೊಡಲಿ. ನಮ್ಮ ಸಂಸದರು ಈ ಪ್ರಶ್ನೆಗಳನ್ನು ಮುಂದಿನ ಅಧಿವೇಶನದಲ್ಲೇ ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.

– ಓರ್ವ ಓದುಗ, ಪೆರ್ಲ, ಕಾಸರಗೋಡು ಜಿಲ್ಲೆ