ಮನೆಯ ಸರ್ವರ್‌ಗೆ ವಿಳಾಸವೇ ಇಲ್ಲ

ಸಂಪಾದಕರಿಗೆ,

ಮಾನ್ಯರೆ,

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ತಮ್ಮ ಇ–ಮೇಲನ್ನು ಜೋಹೊ ಮೇಲ್‌ಗೆ ಬದಲಿಸಿಕೊಂಡಿರುವುದಾಗಿ ಪ್ರಕಟಿಸಿದ ಮೇಲೆ ಸ್ವದೇಶಿ ಇ–ಮೇಲ್ ಕುರಿತು ಸಾಕಷ್ಟು ಚರ್ಚೆ ನಡೆಯಿತು. ವಿದೇಶಿ ಕಂಪನಿಯ ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನು ದೇಶಿ ಕಂಪನಿಯ ಪೆಟ್ಟಿಗೆಗೆ ಸಾಗಿಸುವುದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಆ ಪೆಟ್ಟಿಗೆಯನ್ನು ನಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದು ಎಂಬ ಮೂರನೆಯ ದಾರಿಯನ್ನು ಯಾರೂ ಪ್ರಸ್ತಾಪಿಸಿದ್ದನ್ನು ನಾನು ಓದಲಿಲ್ಲ. ಮೂರು ವರ್ಷಗಳಿಂದ ಆ ದಾರಿಯಲ್ಲಿ ನಡೆಯುತ್ತಿರುವ ನನಗೆ ಅಡ್ಡ ಬಂದದ್ದು ತಂತ್ರಜ್ಞಾನವಲ್ಲ, ವಿದ್ಯುತ್ತೂ ಅಲ್ಲ. ಇಂಟರ್‌ನೆಟ್ ಎಂಬ ಹೆಸರಿನಲ್ಲಿ ನಮಗೆ ಮಾರಾಟವಾಗುತ್ತಿರುವ ಸಂಪರ್ಕದ ಸ್ವರೂಪ. ಈ ಪತ್ರ ಅದರ ಕುರಿತು.

ಸಾಗರ ತಾಲ್ಲೂಕಿನ ನಮ್ಮ ಮನೆಯ ನಡುಕೋಣೆಯಲ್ಲಿ, ಗೋಡೆ ಕಪಾಟಿನ ಮೇಲೆ, ಪರದೆ ಒಡೆದುಹೋದ ಹಳೆಯ ಲ್ಯಾಪ್‌ಟಾಪೊಂದು ಹಗಲೂ ರಾತ್ರಿ ಓಡುತ್ತಿದೆ. ಅದನ್ನು ನಡೆಸುವುದು ಡೆಬಿಯನ್ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ. ಅಂಗಳದ ಮಳೆಮಾಪಕದಿಂದ ದಿನವೂ ಬೆಳಿಗ್ಗೆ ಬರೆದಿಟ್ಟುಕೊಳ್ಳುವ ಲೆಕ್ಕವನ್ನೂ ನಮ್ಮ ತಂದೆಯವರ ಕಾಲದ ಮಳೆ ಪುಸ್ತಕಗಳನ್ನೂ ಒಳಗೊಂಡ ಪುಟ್ಟ ಜಾಲತಾಣವನ್ನು ಅದೇ ಯಂತ್ರ ಲೋಕಕ್ಕೆ ಬಡಿಸುತ್ತದೆ; ಮನೆಮಂದಿಯ ಇ–ಮೇಲನ್ನೂ ನೋಡಿಕೊಳ್ಳುತ್ತದೆ. ಇಂಥ ಯಂತ್ರವನ್ನೇ ಸರ್ವರ್ ಎನ್ನುವುದು. ಜಾಲತಾಣಕ್ಕೆ ಎಂಜಿನ್‌ಎಕ್ಸ್, ಪತ್ರಗಳ ಸಾಗಣೆಗೆ ಪೋಸ್ಟ್‌ಫಿಕ್ಸ್, ಬಂದ ಪತ್ರಗಳನ್ನು ಮೊಬೈಲಿನಲ್ಲಿ ಓದಲು ಡವ್‌ಕಾಟ್, ಗೂಢಲಿಪೀಕರಣಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ 90 ದಿನಗಳ ಪ್ರಮಾಣಪತ್ರ, ಇವು ಯಾವುದಕ್ಕೂ ನಾನು ಒಂದು ಪೈಸೆಯನ್ನೂ ಕೊಟ್ಟಿಲ್ಲ. ಖರ್ಚೆಂದರೆ ತಾಣದ ಹೆಸರಿನ (ಡೊಮೈನ್) ನೋಂದಣಿಗೆ ವರ್ಷಕ್ಕೆ ಸಾವಿರ ರೂಪಾಯಿಯೊಳಗಿನ ಮೊತ್ತ, ಮತ್ತು ವಿದ್ಯುತ್ತು. ಮೀಟರ್ ಸಿಕ್ಕಿಸಿ ಅಳೆದಾಗ ಯಂತ್ರ ಸುಮಾರು 12 ವ್ಯಾಟ್ ತೋರಿಸಿತು. ತಿಂಗಳಿಗೆ 9 ಯೂನಿಟ್ಟೂ ಆಗುವುದಿಲ್ಲ.

ಮಲೆನಾಡಿನಲ್ಲಿ ಕರೆಂಟನ್ನು ನಂಬಿ ಇ–ಮೇಲ್ ನಡೆಸುವುದುಂಟೇ ಎಂದು ಈ ವಿಷಯ ತಿಳಿದವರೆಲ್ಲ ಕೇಳುತ್ತಾರೆ. ಇ–ಮೇಲಿನ ನಿಯಮಾವಳಿ ರೂಪುಗೊಂಡದ್ದು ಯಂತ್ರಗಳು ಆಗಾಗ ಮಲಗಿಬಿಡುತ್ತಿದ್ದ ಕಾಲದಲ್ಲಿ. 1982ರಲ್ಲಿ ಇಂಟರ್‌ನೆಟ್ ತಜ್ಞ ಜಾನ್ ಪೋಸ್ಟೆಲ್ ಬರೆದ, ಇ–ಮೇಲ್ ಸಾಗಣೆಯ ಎಸ್‌ಎಂಟಿಪಿ ನಿಯಮದ 2008ರ ಪರಿಷ್ಕೃತ ರೂಪವು, ಎದುರಿನ ಯಂತ್ರ ಉತ್ತರಿಸದಿದ್ದರೆ ಕಳುಹಿಸುವ ಯಂತ್ರವು ಪತ್ರವನ್ನು ಸರದಿಯಲ್ಲಿಟ್ಟುಕೊಂಡು ಸಾಮಾನ್ಯವಾಗಿ ಕನಿಷ್ಠ 4–5 ದಿನ ಪ್ರಯತ್ನಿಸುತ್ತಿರಬೇಕು ಎನ್ನುತ್ತದೆ. ಹೋದ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ನಮ್ಮಲ್ಲಿ ಎರಡು ದಿನ ಕರೆಂಟಿರಲಿಲ್ಲ, ಇನ್ವರ್ಟರೂ ಮೊದಲ ರಾತ್ರಿಯೇ ಕೈಚೆಲ್ಲಿತು. ಕರೆಂಟು ಬಂದ ಒಂದೆರಡು ಗಂಟೆಗಳಲ್ಲಿ, ದೂರದಲ್ಲಿ ಕಾದು ಕುಳಿತಿದ್ದ 14 ಪತ್ರಗಳು ಒಂದೊಂದಾಗಿ ಬಂದು ಸೇರಿದವು. ಬಾರದೆ ಉಳಿದ ಪತ್ರದ ಬಗ್ಗೆ ಯಾರೂ ದೂರಲಿಲ್ಲ.

ನಿಜವಾದ ತೊಡಕು ಬೇರೆಯೇ ಇದೆ. ಫೈಬರ್ ಹಾಕಿಸಿದ ಮೊದಲ ವಾರ ರೂಟರಿನ ಪುಟ ತೆರೆದು ನೋಡಿದಾಗ ಅಲ್ಲಿದ್ದ ಐಪಿ ವಿಳಾಸ, ಅಂದರೆ ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ, 100.72 ಎಂದು ಆರಂಭವಾಗುತ್ತಿತ್ತು. ‘ನನ್ನ ಐಪಿ ಯಾವುದು’ ಎಂದು ಹೊರಗಿನ ತಾಣವೊಂದನ್ನು ಕೇಳಿದರೆ ಅದು ಬೇರೆಯೇ ವಿಳಾಸ ಹೇಳಿತು. 32 ಬಿಟ್‌ಗಳ ಹಳೆಯ ಪದ್ಧತಿಯಲ್ಲಿ ಸಾಧ್ಯವಿರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ, ಮತ್ತು ಅವುಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಯಿತು. ಆದ್ದರಿಂದ ಸೇವಾ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಅನೇಕ ಮನೆಗಳನ್ನು ಕೂರಿಸುತ್ತವೆ. ಹಾಗೆ ಕೂರಿಸಲೆಂದೇ 2012ರಲ್ಲಿ ಮೀಸಲಿಟ್ಟ ವಿಳಾಸಗಳು 100.64ರಿಂದ 100.127ರವರೆಗಿನವು. ಈ ಏರ್ಪಾಡಿನ ಹೆಸರು ಸಿಜಿನ್ಯಾಟ್. ಇದರಲ್ಲಿ ಮನೆಯಿಂದ ಹೊರಗೆ ಹೋಗಬಹುದು, ಹೋದದ್ದಕ್ಕೆ ಉತ್ತರವೂ ಬರುತ್ತದೆ. ಆದರೆ ಹೊರಗಿನವರು ತಾವಾಗಿ ಬಂದು ನಿಮ್ಮ ಬಾಗಿಲು ತಟ್ಟಲು ಸಾಧ್ಯವಿಲ್ಲ. ಸಿನಿಮಾ ನೋಡುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ, ಸರ್ವರ್ ಇಟ್ಟವನಿಗೆ ಮಾತ್ರ ಎಲ್ಲವೂ ಇಲ್ಲಿಗೇ ನಿಲ್ಲುತ್ತದೆ.

ಮೊದಲ ವರ್ಷ ನಾನು ಮುಂಬೈನ ದತ್ತಾಂಶ ಕೇಂದ್ರವೊಂದರಲ್ಲಿ ಪುಟ್ಟ ಬಾಡಿಗೆ ಯಂತ್ರ ಹಿಡಿದು, ವೈರ್‌ಗಾರ್ಡ್ ಎಂಬ ತಂತ್ರಾಂಶದ ಮೂಲಕ ಅಲ್ಲಿಂದ ಮನೆಗೆ ಸುರಂಗ ಕೊರೆದುಕೊಂಡಿದ್ದೆ. ಕೆಲಸ ಚೆನ್ನಾಗಿಯೇ ನಡೆಯಿತು. ಆದರೆ ಮನೆಯನ್ನು ಸಾಗರದಲ್ಲಿ ಕಟ್ಟಿ ಹೆಬ್ಬಾಗಿಲನ್ನು ಮುಂಬೈನಲ್ಲಿ ಇಟ್ಟಂತಾಗಿ, ಬಾಗಿಲಿಗೆ ತಿಂಗಳ ಬಾಡಿಗೆಯನ್ನೂ ಕಟ್ಟಬೇಕಾಯಿತು.

ಎರಡನೆಯ ವರ್ಷ, ವ್ಯಾಪಾರಿ ಪ್ಲಾನಿಗೆ ಬದಲಾದರೆ ಮಾತ್ರ ಸಿಗುತ್ತದೆ ಎಂಬ ಷರತ್ತಿಗೆ ಒಪ್ಪಿ, ಬದಲಾಗದ ಸಾರ್ವಜನಿಕ ವಿಳಾಸವನ್ನು, ಅಂದರೆ ಸ್ಥಿರ ವಿಳಾಸವನ್ನು ಪಡೆದೆ. ಜಾಲತಾಣದ ಸಮಸ್ಯೆ ಅಂದೇ ಮುಗಿಯಿತು, ಪತ್ರಗಳು ಒಳಗೆ ಬರುವುದೂ ಸರಾಗವಾಯಿತು. ನೇರವಾಗಿ ಹೊರಗೆ ಹೋಗುವುದು ಮಾತ್ರ ಇವತ್ತಿಗೂ ಆಗಿಲ್ಲ. ಒಂದು ಇ–ಮೇಲ್ ಸರ್ವರ್ ಇನ್ನೊಂದರೊಡನೆ ಮಾತನಾಡುವುದು 25ನೇ ಪೋರ್ಟಿನಲ್ಲಿ, ಅಂದರೆ ಯಂತ್ರದ ಸಂಖ್ಯೆ ಹಾಕಿದ ಬಾಗಿಲುಗಳಲ್ಲಿ 25ನೆಯದರಲ್ಲಿ. ನನ್ನ ಸಂಪರ್ಕದಲ್ಲಿ ಹೊರಮುಖವಾಗಿ ಅದು ಮುಚ್ಚಿದೆ. ಅದನ್ನು ತೆರೆದರೂ ಸಾಲದು, ನನ್ನ ಐಪಿ ವಿಳಾಸವನ್ನು ಯಾರಾದರೂ ಹಿಮ್ಮುಖವಾಗಿ ವಿಚಾರಿಸಿದರೆ ನನ್ನ ಸರ್ವರಿನ ಹೆಸರು ಬರುವಂತೆ ಪಿಟಿಆರ್ ಎಂಬ ದಾಖಲೆಯನ್ನು ಕಂಪನಿಯೇ ಬರೆದುಕೊಡಬೇಕು. ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಎಂಬ, ಪತ್ರ ನಕಲಿಯಲ್ಲ ಎಂದು ತೋರಿಸುವ ಉಳಿದ ಮೂರು ದಾಖಲೆಗಳು ನನ್ನ ತಾಣದ ಹೆಸರಿನ ಅಡಿಯಲ್ಲೇ ಇರುವುದರಿಂದ ಅವನ್ನು ಒಂದು ಸಂಜೆಯಲ್ಲಿ ಬರೆದುಕೊಂಡೆ. ಪಿಟಿಆರ್ ವಿಳಾಸದ ಒಡೆಯನ ಕೈಯಲ್ಲಿರುತ್ತದೆ, ಒಡೆಯ ನಾನಲ್ಲ. ಅದಿಲ್ಲದ ಪತ್ರವನ್ನು ತಿರಸ್ಕರಿಸಬಹುದೆಂದು ಜಿಮೇಲಿನ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. 2024ರ ಫೆಬ್ರುವರಿಯಿಂದ ಆ ನಿಯಮಗಳು ಇನ್ನಷ್ಟು ಬಿಗಿಯಾಗಿವೆ.

ಇದನ್ನು ಕೇಳಲು ಗ್ರಾಹಕ ಸೇವೆಗೆ ಆರು ಬಾರಿ ಫೋನ್ ಮಾಡಿದೆ. ಪ್ರತಿ ಸಲವೂ ರೂಟರನ್ನು ಆರಿಸಿ ಹಾಕಿ ನೋಡುವಂತೆ ಹೇಳಿದರು. ಕೊನೆಗೆ ಮನೆಗೇ ಬಂದ ತಂತ್ರಜ್ಞ ಹುಡುಗ ಕೇಬಲ್ಲಿನ ಬೆಳಕು ಅಳೆದು, ತನ್ನ ಮೊಬೈಲಿನಲ್ಲಿ ವೇಗ ಪರೀಕ್ಷಿಸಿ, ‘ಸರ್, ನೆಟ್ ಚೆನ್ನಾಗೇ ಬರ್ತಿದೆಯಲ್ಲ, ಇನ್ನೇನು ಬೇಕು ನಿಮಗೆ?’ ಎಂದು ಮುಗ್ಧವಾಗಿ ಕೇಳಿದ. ನೆಟ್ ಎಂದರೆ ಬರುವಂಥದ್ದು ಎಂದಷ್ಟೇ ಅವನಿಗೆ ಯಾರೋ ಕಲಿಸಿದ್ದಾರೆ. ತಪ್ಪು ಆ ಹುಡುಗನದಲ್ಲ. ಸದ್ಯ ನಾನು ಬರೆಯುವ ಪತ್ರಗಳು 587ನೇ ಪೋರ್ಟಿನ ಮೂಲಕ ಹೊರಗಿನ ರವಾನೆ ಸೇವೆಯೊಂದಕ್ಕೆ ಹೋಗಿ, ಅದರ ಮೊಹರಿನೊಂದಿಗೆ ಮುಂದೆ ಸಾಗುತ್ತಿವೆ.

ಕಂಪನಿಗಳ ಪಕ್ಷದಲ್ಲೂ ನ್ಯಾಯವಿದೆ. ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ಮಾಲೀಕರಿಗೇ ತಿಳಿಯದಂತೆ ಕಸದ ಪತ್ರಗಳನ್ನು ಸುರಿಯುವುದನ್ನು ತಡೆಯಲು ಜಗತ್ತಿನ ಅನೇಕ ಸೇವಾ ಕಂಪನಿಗಳು ಮನೆ ಸಂಪರ್ಕಗಳಲ್ಲಿ 25ನೇ ಪೋರ್ಟನ್ನು ಮುಚ್ಚಿದವು, ಮುಚ್ಚಿದ್ದರಿಂದ ಉಪಯೋಗವೂ ಆಯಿತು. ಸ್ಪ್ಯಾಮ್‌ಹೌಸ್ ಎಂಬ, ಕಸದ ಪತ್ರಗಳ ಮೂಲಗಳನ್ನು ಪಟ್ಟಿಮಾಡುವ ಸಂಸ್ಥೆಯು ಮನೆ ಸಂಪರ್ಕದ ವಿಳಾಸಗಳಿಗಾಗಿ ಪ್ರತ್ಯೇಕ ಪಟ್ಟಿಯನ್ನೇ ಇಟ್ಟಿದೆ, ಆದರೆ ಸ್ಥಿರ ವಿಳಾಸದಲ್ಲಿ ಸರಿಯಾದ ಸರ್ವರ್ ನಡೆಸುವವನು ಕೋರಿದರೆ ಅವನನ್ನು ಆ ಪಟ್ಟಿಯಿಂದ ಬಿಡುವ ದಾರಿಯನ್ನೂ ಇಟ್ಟಿದೆ. ಎಲ್ಲರಿಗೂ ಮುಚ್ಚಿರಲಿ, ಕೇಳಿದವನಿಗೆ ತೆರೆಯಲಿ ಎಂಬುದಷ್ಟೇ ನನ್ನ ಬೇಡಿಕೆ. ಸಂಪರ್ಕ ಕೊಡುವಾಗಲೇ ನನ್ನ ಭಾವಚಿತ್ರ, ಗುರುತಿನ ಚೀಟಿ, ಸಹಿ ಎಲ್ಲವನ್ನೂ ಪಡೆದಿರುವ ಕಂಪನಿಗೆ, ನಾಳೆ ನಾನು ಕಸ ಸುರಿದರೆ ಹಿಡಿಯುವುದು ಕಷ್ಟವೇನಲ್ಲ.

ವಿಳಾಸಗಳು ಸಾಲದು ಎಂಬ ಮಾತಾದರೂ ಈಗ ಪೂರ್ತಿ ನಿಲ್ಲುವುದಿಲ್ಲ. ಹೊಸ ಪದ್ಧತಿಯಾದ ಐಪಿವಿ6ರಲ್ಲಿ ವಿಳಾಸಗಳು ಮುಗಿಯುವ ಭಯವಿಲ್ಲ. ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದು, ದೂರಸಂಪರ್ಕ ಇಲಾಖೆ ಅದಕ್ಕೆ ಮಾರ್ಗಸೂಚಿ ಹೊರಡಿಸಿದ್ದು 2010ರಲ್ಲೇ. ನನ್ನ ಮನೆಗೂ ಐಪಿವಿ6 ಬಂದಿದೆ. ಆದರೆ ರೂಟರ್ ಆರಿ ಹತ್ತಿದಾಗಲೆಲ್ಲ ವಿಳಾಸ ಬದಲಾಗುತ್ತದೆ, ಒಳಬರುವ ಸಂಪರ್ಕವನ್ನು ತಡೆಯುವ ಕಂಪನಿಯ ರೂಟರಿನಲ್ಲಿ ಅದನ್ನು ಸಡಿಲಿಸುವ ಪುಟಕ್ಕೆ ಬೀಗ ಹಾಕಿದೆ, ಪಿಟಿಆರ್ ಅಂತೂ ಇಲ್ಲವೇ ಇಲ್ಲ. ಕೊರತೆಯ ಕಾಲದ ಅಭ್ಯಾಸವನ್ನು ಸಮೃದ್ಧಿಯೊಳಕ್ಕೂ ಹೊತ್ತು ತಂದಿದ್ದಾರೆ.

ಮನೆಯಲ್ಲಿ ಸರ್ವರ್ ಇಡುವುದು ಎಲ್ಲರ ಕೆಲಸ ಎಂದು ನಾನು ಹೇಳುತ್ತಿಲ್ಲ. ಸ್ಥಿರ ವಿಳಾಸ ಬಂದ ದಿನ, ಯಂತ್ರವನ್ನು ಹೊರಜಗತ್ತಿಗೆ ತೆರೆದ ಅರ್ಧ ಗಂಟೆಯೊಳಗೆ ಎಲ್ಲೆಲ್ಲಿಯದೋ ಯಂತ್ರಗಳು ‘ರೂಟ್’, ‘ಅಡ್ಮಿನ್’, ‘ಟೆಸ್ಟ್’ ಎಂಬ ಹೆಸರುಗಳಲ್ಲಿ ಪಾಸ್‌ವರ್ಡ್ ಊಹಿಸುತ್ತ ಬಾಗಿಲು ತಟ್ಟತೊಡಗಿದ್ದನ್ನು ಯಂತ್ರದ ದಿನಚರಿಯಾದ ಲಾಗ್ ಕಡತದಲ್ಲಿ ಕಣ್ಣಾರೆ ಕಂಡೆ. ಅಂದೇ ಪಾಸ್‌ವರ್ಡ್ ಪ್ರವೇಶವನ್ನು ನಿಲ್ಲಿಸಿ ಕೀಲಿ ಕಡತದ ಪ್ರವೇಶ ಮಾತ್ರ ಉಳಿಸಿಕೊಂಡೆ. ವಾರಕ್ಕೊಮ್ಮೆ ತಂತ್ರಾಂಶಗಳನ್ನು ನವೀಕರಿಸುವುದು, ಪ್ರತಿ ರಾತ್ರಿ ಬೇರೊಂದು ಡಿಸ್ಕಿಗೆ ನಕಲು ತೆಗೆಯುವುದು ತಪ್ಪದು. ಬೇಸಾಯದ ಹಾಗೆ, ಬಿಟ್ಟು ಊರಿಗೆ ಹೋಗುವಂತಿಲ್ಲ. ಅಷ್ಟು ಸೈರಣೆಯಿದ್ದವರು ಪ್ರತಿ ತಾಲ್ಲೂಕಿನಲ್ಲೂ ನಾಲ್ಕು ಜನ ಸಿಕ್ಕಾರು. ಶಾಲೆಯ ಹಳೆಯ ವಿದ್ಯಾರ್ಥಿ ಸಂಘ, ಊರಿನ ಗ್ರಂಥಾಲಯ, ಸಹಕಾರಿ ಸಂಘಗಳ ತಾಣಗಳನ್ನು ಇಂಥವರು ನಡೆಸಿಕೊಟ್ಟಾರು.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ನನ್ನ ವಿನಂತಿಯೆಂದರೆ, ಪ್ರತಿ ಪ್ಲಾನಿನ ದರಪಟ್ಟಿಯಲ್ಲಿ ವೇಗ, ಬೆಲೆಗಳ ಪಕ್ಕದಲ್ಲೇ ಆ ಸಂಪರ್ಕಕ್ಕೆ ಸಾರ್ವಜನಿಕ ವಿಳಾಸ ಇದೆಯೇ, ಐಪಿವಿ6 ವಿಳಾಸ ಸ್ಥಿರವೇ, ಯಾವ ಪೋರ್ಟುಗಳು ಮುಚ್ಚಿವೆ, ಪಿಟಿಆರ್ ಬರೆದುಕೊಡುತ್ತಾರೆಯೇ ಎಂಬುದನ್ನು ಮುದ್ರಿಸುವಂತೆ ಕಂಪನಿಗಳಿಗೆ ಸೂಚಿಸಬೇಕು. ಲಿಖಿತವಾಗಿ ಕೋರಿದ ಮನೆ ಗ್ರಾಹಕರಿಗೆ, ವ್ಯಾಪಾರಿ ಪ್ಲಾನಿನ ಷರತ್ತಿಲ್ಲದೆ, ನ್ಯಾಯವಾದ ಶುಲ್ಕ ಪಡೆದು ಇವನ್ನು ಒದಗಿಸಲು ಕಾಲಮಿತಿ ನಿಗದಿಪಡಿಸಬೇಕು. ಪಿಟಿಆರ್‌ಗಾಗಿ ನಾನು ಕೊಟ್ಟ ದೂರಿನ ಬಗ್ಗೆ ಮೊನ್ನೆ ಮೊಬೈಲಿಗೆ ಸಂದೇಶ ಬಂತು: ನಿಮ್ಮ ವೇಗದ ಸಮಸ್ಯೆಯನ್ನು ಪರಿಹರಿಸಲಾಗಿದೆ, ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುವಿರಿ?

– ನಿವೃತ್ತ ಪ್ರೌಢಶಾಲಾ ಶಿಕ್ಷಕ, ಸಾಗರ ತಾಲ್ಲೂಕು