ಶಾಲಾ ಅನುದಾನದಲ್ಲಿ ಕಲಿಕೆಗೂ ಪಾಲಿರಲಿ

ಮಾನ್ಯ ಸಂಪಾದಕರೇ,

ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ದಾಖಲಾತಿ ಆಧರಿಸಿ ವಾರ್ಷಿಕ ಅನುದಾನ ನೀಡಲಾಗುತ್ತಿದ್ದು, ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 31ರಿಂದ 100 ಮಕ್ಕಳಿದ್ದರೆ 25,000 ರೂಪಾಯಿ ನಿಗದಿಯಾಗಿದೆ. ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಮೀಸಲು.

ಸೀಮೆಸುಣ್ಣ, ಪೊರಕೆ, ಹಾಜರಿ ಪುಸ್ತಕ, ಒಡೆದ ಹೆಂಚು, ಕೆಟ್ಟ ನಲ್ಲಿ ಎಲ್ಲವನ್ನೂ ಇಷ್ಟರಲ್ಲೇ ನಿಭಾಯಿಸಬೇಕಾದ್ದರಿಂದ, ಐದನೇ ತರಗತಿಗೆ ಬಂದರೂ ಒತ್ತಕ್ಷರ ಓದಲು ತಡವರಿಸುವ ಮಗುವಿಗೆ ಬೇಕಾದ ಓದುವ ಕಾರ್ಡು, ಕಥೆಪುಸ್ತಕಗಳ ಸರದಿ ಬರುವಷ್ಟರಲ್ಲಿ ಹಣವೇ ಮುಗಿದಿರುತ್ತದೆ. ಮಕ್ಕಳು ಕಡಿಮೆ ಇದ್ದ ಮಾತ್ರಕ್ಕೆ ಸೂರು ಸೋರುವುದೇನೂ ಕಡಿಮೆಯಾಗುವುದಿಲ್ಲ. ಚಿಕ್ಕ ಶಾಲೆಗಳಿಗೇ ಈ ಹೊರೆ ಹೆಚ್ಚು.

ಆದ್ದರಿಂದ ದುರಸ್ತಿಗೆ ಬೇರೆ ಹಣ ಒದಗಿಸಿ, ಅನುದಾನದ ಒಂದು ಪಾಲನ್ನು ಓದುಬರಹದಲ್ಲಿ ಹಿಂದುಳಿದ ಮಕ್ಕಳ ಕಲಿಕೆಗೆ ಕಡ್ಡಾಯವಾಗಿ ಮೀಸಲಿಟ್ಟು, ಜೂನ್‌ನಲ್ಲೇ ಬಿಡುಗಡೆ ಮಾಡಬೇಕು. ಖರ್ಚಿನ ವಿವರವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರ ಮುಂದೆ ಓದಿ ಹೇಳುವ ವ್ಯವಸ್ಥೆಯೂ ಆಗಲಿ.

– ಒಬ್ಬ ಪೋಷಕ